ಗೋಡೆಯೊಳಗಿನ ಯಂತ್ರವೂ ಪರಿಮಾಣ ವ್ರತವೂ

ಅಣುವ್ರತಗಳಲ್ಲಿ ಐದನೆಯದಾದ ಪರಿಗ್ರಹ ಪರಿಮಾಣವು ನೋಡಲು ಸುಲಭ, ಪಾಲನೆಗೆ ಬಲು ಸೂಕ್ಷ್ಮ. ವಸ್ತುಗಳಿಗೆ ಮಿತಿ ಹಾಕಿಕೊಂಡ ಶ್ರಾವಕನಿಗೆ ಆ ಮಿತಿಯು ಎಲ್ಲಿ ಮೀರಿತೆಂಬುದೇ ಅನೇಕ ವೇಳೆ ತಿಳಿಯದು. ಹೊಸ ಮನೆಗಳಲ್ಲಿ ಅಡಿಗೆಮನೆಯ ಗೋಡೆಯ ಕಪಾಟಿನೊಳಗೇ ಕೂಡಿಸುವ ಎಸ್ಪ್ರೆಸ್ಸೊ ಕಾಫಿ ಯಂತ್ರವು ಇದಕ್ಕೊಂದು ದೃಷ್ಟಾಂತ.

ರಾಣೆಬೆನ್ನೂರಿನಲ್ಲಿ ಮನೆ ಕಟ್ಟಿಸುತ್ತಿರುವ ಒಂದು ಕುಟುಂಬವನ್ನು ಭಾವಿಸಬಹುದು. ತಂದೆಯವರು ಅಡಿಗೆಯ ಪಾತ್ರೆ, ಉಪಕರಣಗಳಿಗೆ ಸಂಖ್ಯೆ ಗೊತ್ತುಮಾಡಿ ವ್ರತ ಪಡೆದವರು. ಆ ಸಂಖ್ಯೆ ಈಗಾಗಲೇ ತುಂಬಿದೆ. ಮಗನಿಗೆ ಯಂತ್ರದ ಆಸೆ. ಹಾವೇರಿಯ ಕಚೇರಿಗೆ ದಿನವೂ ಹೋಗಿಬರುವ ಸೊಸೆಗೆ ಬೆಳಗಿನ ಸಮಯ ಉಳಿಯಬೇಕೆಂಬ ಅಪೇಕ್ಷೆ. ಮಗನೆನ್ನುತ್ತಾನೆ: "ಅಪ್ಪಾ, ಅದು ಪಾತ್ರೆಯಲ್ಲ, ಗೋಡೆಯ ಭಾಗ. ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ."

ಈ ಮಾತನ್ನು ಪರೀಕ್ಷಿಸಬೇಕು. ಬಾಹ್ಯ ಪರಿಗ್ರಹಗಳು ಹತ್ತು. ಅವುಗಳಲ್ಲಿ ವಾಸ್ತು ಎಂದರೆ ಮನೆ. ಭಾಂಡವೆಂದರೆ ಪಾತ್ರೆ ಪದಾರ್ಥ. ಕಾಫಿಯ ಹಳೆಯ ಫಿಲ್ಟರು ಭಾಂಡ. ಯಂತ್ರವನ್ನು ಗೋಡೆಗೆ ಸೇರಿಸಿದೊಡನೆ ಅದು ವಾಸ್ತುವಾಯಿತೆಂದರೆ, ಸಂಖ್ಯೆಯೂ ಉಳಿಯಿತು, ಆಸೆಯೂ ತೀರಿತು. ಆದರೆ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಬಲ್ಲ: ಚೀಲದೊಳಗೆ ಕಾಣದಂತೆ ತುಂಬಿದ ಕಾಯಿಗೂ ತೂಕವುಂಟು. ಪರಿಮಾಣವನ್ನು ಮೀರುವುದು ಅತಿಚಾರವೆಂದು ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಹೇಳುತ್ತದೆ. ಹೆಸರು ಬದಲಿಸಿ ಮೀರುವುದಕ್ಕೆ ವಿನಾಯಿತಿಯಿಲ್ಲ.

ಮಗನ ಎರಡನೆಯ ವಾದ ಇದಕ್ಕಿಂತ ಬಲವಾದುದು. ಅದೇ ಅಧ್ಯಾಯವು ಮೂರ್ಛೆಯನ್ನೇ, ಅಂದರೆ ಮಮತ್ವವನ್ನೇ, ಪರಿಗ್ರಹವೆನ್ನುತ್ತದೆ. ಹಾಗಾದರೆ ಯಂತ್ರವಿದ್ದೂ ನಿರ್ಮಮನಾಗಿರುವವನಿಗಿಂತ, ಫಿಲ್ಟರಿನ ಕಾಫಿಗಾಗಿ ಹಂಬಲಿಸುವವನೇ ಹೆಚ್ಚು ಪರಿಗ್ರಹಿಯಲ್ಲವೆ? ತಂದೆಯವರು ಇಲ್ಲಿ ಮೌನವಾಗುತ್ತಾರೆ. ಚತುರ್ದಶಿಯ ಉಪವಾಸದಂದು ಮಧ್ಯಾಹ್ನದೊಳಗೆ ತಲೆನೋವು ಬರುತ್ತದೆ. ನಿತ್ಯ ಕಾಫಿ ಕುಡಿಯುವವರು ಬಿಟ್ಟ ದಿನ ಹೀಗಾಗುವುದು ಸಹಜ. ಆದರೆ ಅಂದು ಅವರ ಮನಸ್ಸು ಸ್ವಾಧ್ಯಾಯದಲ್ಲಿರದೆ ಮರುದಿನದ ಲೋಟದಲ್ಲಿರುತ್ತದೆ. ಯಂತ್ರವನ್ನು ಬೇಡವೆಂದ ಮಾತ್ರಕ್ಕೆ ಮೂರ್ಛೆ ಹೋಗಲಿಲ್ಲ.

ಯಂತ್ರದ ಗುಣವನ್ನು ಅಲ್ಲಗಳೆಯುವುದೂ ಸತ್ಯಕ್ಕೆ ಸಲ್ಲದು. ವಾಯುಮಂಡಲದ ಒತ್ತಡದ ಸುಮಾರು 9 ಪಟ್ಟು ಒತ್ತಡದಲ್ಲಿ ಬಿಸಿನೀರನ್ನು ಪುಡಿಯ ಮೂಲಕ ನೂಕಿ, 25-30 ಸೆಕೆಂಡುಗಳಲ್ಲಿ ಗಟ್ಟಿ ಕಷಾಯವನ್ನು ಅದು ಇಳಿಸುತ್ತದೆ, ರುಚಿಯೂ ಬೇರೆ. ಆದರೆ ಕಾಯಿಸುವುದು, ತೊಳೆಯುವುದು, ಒಳಗೆ ಕಟ್ಟುವ ಸುಣ್ಣವನ್ನು ಕಾಲಕಾಲಕ್ಕೆ ತೆಗೆಯುವುದು ಸೇರಿದರೆ ಉಳಿದ ಸಮಯವು ಬಹಳ ಕಡಿಮೆ. ಬೆಲೆ ಲಕ್ಷಗಳಲ್ಲಿ. ಕೆಟ್ಟರೆ ಕಪಾಟಿನಿಂದ ಹೊರತೆಗೆಯಬೇಕು. ಮೇಲಾಗಿ ಗಾಳಿಸಿದ ನೀರಿಗೆ ನಮ್ಮಲ್ಲಿ 48 ನಿಮಿಷಗಳ ಮರ್ಯಾದೆ. ಯಂತ್ರದ ನೀರಿನ ಡಬ್ಬಿಯಲ್ಲಿ ರಾತ್ರಿಯಿಡೀ ನಿಂತ ನೀರು, ನಳಿಕೆಯಲ್ಲಿ ಉಳಿದ ಹಾಲಿನ ಪಸೆ, ಇವು ಅಹಿಂಸಾವ್ರತಿಗೆ ಸಣ್ಣ ಮಾತಲ್ಲ. ಪ್ರತಿಸಲ ಡಬ್ಬಿ ಬರಿದುಮಾಡಿ ಹೊಸದಾಗಿ ಗಾಳಿಸಿದ ನೀರು ತುಂಬುವ ಶ್ರಮವನ್ನು ಯಾರು ವಹಿಸುವರೆಂದು ಕೊಳ್ಳುವ ಮೊದಲೇ ಕೇಳಿಕೊಳ್ಳಬೇಕು.

ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಒಮ್ಮೆ ಅನುಭವಿಸಿ ಮುಗಿಯುವುದನ್ನು ಭೋಗವೆಂದೂ ಮತ್ತೆ ಮತ್ತೆ ಬಳಸುವುದನ್ನು ಉಪಭೋಗವೆಂದೂ ವಿಂಗಡಿಸಿದ್ದಾರೆ. ಕಾಫಿ ಭೋಗ, ಯಂತ್ರ ಉಪಭೋಗ. ಲೋಟ ಬರಿದಾದರೂ ಯಂತ್ರವು ಗೋಡೆಯಲ್ಲಿ ನಿಂತು ಇನ್ನೊಂದು ಲೋಟವನ್ನು ನೆನಪಿಸುತ್ತದೆ. ಮೇಜಿನ ಮೇಲಿನ ವಸ್ತುವನ್ನು ಬೇಡವಾದಾಗ ಎತ್ತಿ ಇನ್ನೊಬ್ಬರಿಗೆ ಕೊಡಬಹುದು. ಗೋಡೆಯೊಳಗಿನದನ್ನು ಕೊಡುವುದು ಕಷ್ಟ. ತ್ಯಾಗದ ಬಾಗಿಲನ್ನು ಬಡಗಿಯೇ ಮುಚ್ಚಿದಂತೆ.

ಹಾಗಾದರೆ ಆ ಕುಟುಂಬವೇನು ಮಾಡಬೇಕು? ಆಜೀವ ತ್ಯಾಗ ಯಮ, ಕಾಲಮಿತಿಯ ತ್ಯಾಗ ನಿಯಮ. ಮಗನೂ ಸೊಸೆಯೂ ಒಂದು ವರ್ಷ ಯಂತ್ರವನ್ನು ಕೊಳ್ಳುವುದಿಲ್ಲವೆಂದು ನಿಯಮ ಹಿಡಿಯಲಿ. ತಂದೆಯವರು ಅದೇ ವರ್ಷ ಕಾಫಿಯನ್ನು ದಿನಕ್ಕೊಂದು ಲೋಟಕ್ಕೆ ಇಳಿಸಿ, ಅಷ್ಟಮಿಗೂ ಬಿಡಲಿ. ವರ್ಷಾಂತ್ಯದಲ್ಲಿಯೂ ಯಂತ್ರವು ಅವಶ್ಯವೆನಿಸಿದರೆ, ಎತ್ತಿಡಬಹುದಾದ ಚಿಕ್ಕದೊಂದನ್ನು, ಎಣಿಕೆಯ ಬೇರೊಂದು ಉಪಕರಣವನ್ನು ದಾನವಿತ್ತು, ಬಹಿರಂಗವಾಗಿ ಲೆಕ್ಕಕ್ಕೆ ಸೇರಿಸಿ ಕೊಳ್ಳಲಿ. ಆಗ ಕೊಂಡರೂ ದೋಷವಿಲ್ಲ, ಬಿಟ್ಟರೂ ಹೆಮ್ಮೆಯಿಲ್ಲ.