ಸ್ಥಿತೀಕರಣ ಮತ್ತು ಮದ್ಯವ್ಯಸನಿ

ಸಮ್ಯಗ್ದರ್ಶನದ ಎಂಟು ಅಂಗಗಳನ್ನು ಬಾಯಿಪಾಠವಾಗಿ ಒಪ್ಪಿಸಬಲ್ಲ ಶ್ರಾವಕರು ಸಮಾಜದಲ್ಲಿ ಇಂದಿಗೂ ಅನೇಕರಿದ್ದಾರೆ. ಆದರೆ ಅವುಗಳಲ್ಲಿ ಆರನೆಯದಾದ ಸ್ಥಿತೀಕರಣವನ್ನು ಆಚರಣೆಗೆ ತರಬೇಕಾದ ಸಂದರ್ಭವು ಮನೆಯ ಹೊಸ್ತಿಲಿಗೇ ಬಂದು ನಿಂತಾಗ ಅದನ್ನು ಗುರುತಿಸುವವರು ವಿರಳ. ಧರ್ಮಮಾರ್ಗದಿಂದ ಜಾರುತ್ತಿರುವವನನ್ನು ಮರಳಿ ಅದರಲ್ಲಿ ನೆಲೆಗೊಳಿಸುವುದೇ ಸ್ಥಿತೀಕರಣ. ಜಾರಿದವನು ಮದ್ಯವ್ಯಸನಿಯಾಗಿದ್ದರೆ? ಮದ್ಯಪಾನವು ಸಪ್ತವ್ಯಸನಗಳಲ್ಲಿ ಒಂದು. ಅದರ ತ್ಯಾಗವು ಶ್ರಾವಕನ ಮೂಲಗುಣಗಳಲ್ಲಿ ಸೇರಿದೆ. ಆದುದರಿಂದ ಕುಡಿಯುವವನು ಶ್ರಾವಕನೇ ಅಲ್ಲವೆಂದು ತೀರ್ಪಿತ್ತು ಕೈತೊಳೆದುಕೊಳ್ಳುವುದು ಸುಲಭ. ಹಾಗೆ ಕೈತೊಳೆದುಕೊಂಡ ಮೇಲೆ ಸ್ಥಿತೀಕರಣಕ್ಕೆ ಪಾತ್ರನಾಗುವವನು ಯಾರು? ಎಂದೂ ಜಾರದವನಿಗೆ ಅದರ ಅಗತ್ಯವೇ ಇಲ್ಲವಷ್ಟೆ.

ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆಯ ಸೀಮೆಯಲ್ಲಿ, ಚಿಕ್ಕಮಧುರೆಯ ಶನಿಮಹಾತ್ಮನ ಸನ್ನಿಧಿಗೆ ಶನಿವಾರಗಳಂದು, ಅದರಲ್ಲಿಯೂ ಶ್ರಾವಣಮಾಸದಲ್ಲಿ, ಜನರು ಹರಕೆ ಹೊತ್ತು ತಂಡೋಪತಂಡವಾಗಿ ಬರುತ್ತಾರೆ. ಮತ ಯಾವುದೇ ಇರಲಿ, ದೇವರ ಮುಂದೆ ಮಾಡಿದ ಸಂಕಲ್ಪಕ್ಕೆ ಬಲವುಂಟು; ಅದನ್ನು ಹಗುರವಾಗಿ ಕಾಣಲಾಗದು. ಆದರೆ ಶನಿವಾರ ದೇವರ ಮುಂದೆ ಆಣೆಯಿಟ್ಟವನು ಸೋಮವಾರದ ಸಂಜೆ ಮದ್ಯದಂಗಡಿಯ ಮುಂದೆ ಕಾಣಿಸಿಕೊಂಡರೆ ಮನೆಯವರು ಅವನ ಭಕ್ತಿಯನ್ನೇ ಶಂಕಿಸುತ್ತಾರೆ. ಬಸದಿಯಲ್ಲಿ ವ್ರತ ಸ್ವೀಕರಿಸಿ ಮುರಿದವನ ಪಾಡೂ ಇದೇ. ಇಲ್ಲಿ ಶಂಕಿಸಬೇಕಾದುದು ಭಕ್ತಿಯನ್ನಲ್ಲ. ಹಲವು ವರ್ಷ ಎಡೆಬಿಡದೆ ಕುಡಿದವನ ಮಿದುಳು ಮದ್ಯಕ್ಕೆ ಹೊಂದಿಕೊಂಡುಬಿಟ್ಟಿರುತ್ತದೆ. ಅವನು ಒಮ್ಮೆಲೇ ನಿಲ್ಲಿಸಿದರೆ ಒಂದು ದಿನದೊಳಗೆ ಕೈನಡುಕ, ಬೆವರು, ನಿದ್ರಾಹೀನತೆ ಆರಂಭವಾಗುತ್ತವೆ. ಕೆಲವರಿಗೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕು ದಿನಗಳ ನಡುವೆ ಸನ್ನಿ ಹಿಡಿದು, ಇಲ್ಲದ್ದು ಕಂಡು, ಪ್ರಾಣಕ್ಕೇ ಅಪಾಯ ಒದಗಬಹುದು. ಪ್ರಮಾಣ ಮಾಡಿಸಿ ಕೋಣೆಯಲ್ಲಿ ಕೂಡಿಹಾಕುವ ಬಂಧುಗಳು ಇದನ್ನು ಅರಿಯದೆ ಹಿಂಸೆಗೆ ಕಾರಣರಾಗುತ್ತಾರೆ. ಅಂಥವನನ್ನು ಮೊದಲು ವೈದ್ಯರ ಬಳಿ ಕರೆದೊಯ್ಯಬೇಕು. ವ್ರತಕ್ಕೂ ಔಷಧಕ್ಕೂ ವಿರೋಧವಿಲ್ಲ. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದಾಗುವ ಮಾನಸಿಕ ಸ್ಥಿತಿಗಳನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಮನೋರೋಗದ ವ್ಯಾಖ್ಯೆಯಲ್ಲಿಯೇ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ಚಿಕಿತ್ಸಾ ವಿಭಾಗವಿದೆ. ಅಷ್ಟು ದೂರ ಹೋಗಲಾರದವರಿಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆ, 14416, ಕನ್ನಡದಲ್ಲಿಯೇ ದೊರೆಯುತ್ತದೆ.

ರೋಗವೆಂದು ಒಪ್ಪಿದರೆ ಹೊಣೆ ತಪ್ಪಿತೇ ಎಂದು ಕೆಲವರು ಆಕ್ಷೇಪಿಸುವುದುಂಟು. ಆಕ್ಷೇಪ ತಳ್ಳಿಹಾಕುವಂಥದಲ್ಲ. ಮಧುಮೇಹಿಯು ತನ್ನ ರೋಗಕ್ಕಾಗಿ ಅಪರಾಧಿಯಲ್ಲ. ಆದರೂ ಪಥ್ಯ ಅವನದೇ. ಹಾಗೆಯೇ ಇಲ್ಲಿಯೂ ಕರ್ತವ್ಯ ಉಳಿಯುತ್ತದೆ, ಕಳಂಕ ಮಾತ್ರ ಹೋಗಬೇಕು.

ಜೈನ ಕುಟುಂಬಗಳಲ್ಲಿ ಕಳಂಕದ ಭಯ ಇನ್ನೂ ಹೆಚ್ಚು, ಏಕೆಂದರೆ ಮದ್ಯವಿಲ್ಲದಿರುವುದೇ ಮನೆತನದ ಗುರುತು. ಮಗನ ಕುಡಿತವನ್ನು ‘ಹೊಟ್ಟೆಯ ತೊಂದರೆ’ ಎಂದೂ, ಸೊಸೆಯ ಕಣ್ಣೀರನ್ನು ‘ಹೊಂದಿಕೊಳ್ಳುವ ಸ್ವಭಾವವಿಲ್ಲ’ ಎಂದೂ ಹೇಳಿ ವರ್ಷಗಳನ್ನು ಕಳೆಯುತ್ತಾರೆ. ಇದಕ್ಕೆ ಉಪಗೂಹನದ ಹೆಸರನ್ನೂ ಕೊಡುವವರುಂಟು. ಉಪಗೂಹನಕ್ಕೆ ದೃಷ್ಟಾಂತನಾದ ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆಯನ್ನು ಅಂಥವರು ಪೂರ್ತಿ ಓದಬೇಕು. ವ್ರತಿಯ ವೇಷದಲ್ಲಿ ಬಂದು ಜಿನಬಿಂಬದ ಛತ್ರದ ರತ್ನವನ್ನು ಕದ್ದವನನ್ನು ಕಾವಲುಗಾರರು ಅಟ್ಟಿಸಿಕೊಂಡು ಬಂದಾಗ, ತಾನೇ ತರಹೇಳಿದ್ದೆನೆಂದು ಶ್ರೇಷ್ಠಿಯು ಜನರೆದುರು ಮುಚ್ಚಿದನು, ನಿಜ. ಆದರೆ ಜನ ಚದುರಿದ ಮೇಲೆ ಅವನನ್ನು ಏಕಾಂತದಲ್ಲಿ ಕಟುವಾಗಿ ಎಚ್ಚರಿಸಿದನು. ಇಂದಿನ ಮನೆಗಳಲ್ಲಿ ಕಥೆಯ ಮೊದಲರ್ಧವಷ್ಟೇ ನಡೆಯುತ್ತಿದೆ.

ಏಕಾಂತದ ಆ ಮಾತನ್ನು ಆಡಲು ಯಾರು ಅರ್ಹರು? ಅಮೆರಿಕದ ಅಕ್ರನ್ ನಗರಕ್ಕೆ 1935ರಲ್ಲಿ ವ್ಯಾಪಾರದ ಕೆಲಸಕ್ಕಾಗಿ ಹೋಗಿದ್ದ ಬಿಲ್ ಎಂಬವನು, ವ್ಯವಹಾರ ಕೆಟ್ಟು, ಬಿಟ್ಟಿದ್ದ ಕುಡಿತಕ್ಕೆ ಮತ್ತೆ ಮನಸ್ಸು ಎಳೆಯುತ್ತಿದ್ದಾಗ, ಇನ್ನೊಬ್ಬ ಕುಡುಕನೊಡನೆ ಮಾತನಾಡಿದರೆ ತಾನು ಉಳಿದೇನೆಂದು ಭಾವಿಸಿ ಡಾ. ಬಾಬ್ ಎಂಬ ಶಸ್ತ್ರವೈದ್ಯನನ್ನು ಕಂಡನು. ಆ ಭೇಟಿಯಿಂದ ಆಲ್ಕೋಹಾಲಿಕ್ಸ್ ಅನಾನಿಮಸ್ ಹುಟ್ಟಿತು. ಬೋಧಿಸಲು ಹೋದವನು ತನ್ನ ರಕ್ಷಣೆಗಾಗಿ ಹೋದನೆಂಬುದೇ ಇದರ ವೈಶಿಷ್ಟ್ಯ. ಈ ಕ್ರಮವನ್ನು ಕುರಿತ ಇಪ್ಪತ್ತೇಳು ಅಧ್ಯಯನಗಳನ್ನು ಪರಿಶೀಲಿಸಿದ ಕಾಕ್ರೇನ್ ಸಮೀಕ್ಷೆಯು 2020ರಲ್ಲಿ ಪ್ರಕಟವಾಯಿತು. ಪೂರ್ಣ ಮದ್ಯತ್ಯಾಗದ ವಿಷಯದಲ್ಲಿ, ಕ್ರಮಬದ್ಧವಾಗಿ ನಡೆಸಿದ ಇಂಥ ವಿಧಾನವು ಇತರ ಮನೋಚಿಕಿತ್ಸೆಗಳಿಗಿಂತ ಹೆಚ್ಚು ಫಲಕಾರಿಯೆಂದು ಅದು ಕಂಡುಕೊಂಡಿತು.

ಕರ್ನಾಟಕಕ್ಕೆ ಇದು ಅಪರಿಚಿತವಲ್ಲ. ಶ್ರೀ ಡಿ. ವೀರೇಂದ್ರ ಹೆಗ್ಗಡೆಯವರು 1982ರಲ್ಲಿ ಆರಂಭಿಸಿದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದಲ್ಲಿ ಜನಜಾಗೃತಿ ವೇದಿಕೆಯು ಊರೂರುಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತ ಬಂದಿದೆ. ಶಿಬಿರವು ಸುಮಾರು ಒಂದು ವಾರ ಮಾತ್ರ. ಅನಂತರದ ದೀರ್ಘಕಾಲವನ್ನು ನೋಡಿಕೊಳ್ಳುವುದು ಕುಡಿತ ಬಿಟ್ಟವರೇ ಸೇರಿ ಕಟ್ಟಿಕೊಂಡ ನವಜೀವನ ಸಮಿತಿಗಳು. ಶಿಬಿರದ ಉದ್ಘಾಟನೆಗೆ ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ, ಸಮಿತಿಯ ಬೈಠಕ್ಕಿಗೆ ಬರುವುದಿಲ್ಲ. ನಿಜವಾದ ಸ್ಥಿತೀಕರಣ ನಡೆಯುವುದು ಎರಡನೆಯದರಲ್ಲಿ.

ಸ್ಥಿತೀಕರಣಕ್ಕೆ ಶಾಸ್ತ್ರವು ಹೆಸರಿಸುವವನು ವಾರಿಷೇಣ. ಹನ್ನೆರಡು ವರ್ಷ ಮುನಿಯಾಗಿದ್ದೂ ಮಡದಿಯನ್ನು ಮರೆಯಲಾರದ ಮಿತ್ರ ಪುಷ್ಪಡಾಲನನ್ನು ಅವನು ನಿಂದಿಸಲಿಲ್ಲ. ತನ್ನ ಅರಮನೆಗೇ ಕರೆದೊಯ್ದು, ತಾನು ತೊರೆದುಬಂದುದನ್ನು ಕಣ್ಣೆದುರು ತೋರಿಸಿದನು. ವಾರಿಷೇಣನು ಜಾರಿದವನಲ್ಲ, ಆದ್ದರಿಂದ ಹೋಲಿಕೆ ಪೂರ್ಣವಲ್ಲ. ಆದರೂ ಹನ್ನೆರಡು ವರ್ಷ ಜೊತೆಗಿದ್ದನಲ್ಲ! ಒಂದು ವಾರಕ್ಕೇ ಬೇಸತ್ತು ‘ಇವನ ಹಣೆಬರಹ’ ಎನ್ನುವವರು ಆ ಸಂಖ್ಯೆಯನ್ನು ಗಮನಿಸಬೇಕು.

ಮರಳಿ ಕುಡಿಯುವುದು ಈ ರೋಗದಲ್ಲಿ ಸಾಮಾನ್ಯ. ವ್ರತಭಂಗವಾಯಿತು, ಇನ್ನೇನು ಉಳಿಯಿತು ಎಂಬ ಹತಾಶೆಯೇ ಎರಡನೆಯ ಲೋಟವನ್ನು ತುಂಬಿಸುತ್ತದೆ. ಅತಿಚಾರಕ್ಕೂ ಅನಾಚಾರಕ್ಕೂ ಭೇದವನ್ನು ಹೇಳಿ, ಆಲೋಚನೆ, ಪ್ರತಿಕ್ರಮಣಗಳನ್ನು ವಿಧಿಸಿರುವ ಧರ್ಮದಲ್ಲಿ ಈ ಹತಾಶೆಗೆ ಆಧಾರವಿಲ್ಲ. ಒಂದು ದಿನದ ನಷ್ಟಕ್ಕಾಗಿ ಖಾತೆಪುಸ್ತಕವನ್ನೇ ಹರಿದುಹಾಕುವ ವರ್ತಕನೂ ಇಲ್ಲ. ಅನೇಕ ವ್ಯಸನಿಗಳಲ್ಲಿ ಖಿನ್ನತೆಯೂ ಆತಂಕವೂ ಒಳಗೇ ಬೇರೂರಿರುವುದರಿಂದ ಆ ಹೊತ್ತಿನ ಒಂದು ಕಟುನುಡಿ ಆತ್ಮಘಾತದವರೆಗೂ ದೂಡಬಲ್ಲದು.

ಬಸದಿಯ ಟ್ರಸ್ಟುಗಳಿಗೆ ಇಲ್ಲಿ ಬೇಕಾಗುವ ವೆಚ್ಚ ಅತ್ಯಲ್ಪ. ವರ್ಷದ ಬಹುದಿನ ಬೀಗ ಹಾಕಿರುವ ಸಭಾಭವನದ ಒಂದು ಕೋಣೆ, ವಾರಕ್ಕೊಂದು ಸಂಜೆ, ಒಂದು ದೀಪ, ಕುಡಿಯಲು ಶೋಧಿಸಿದ ನೀರು. ಜಾತಿಮತಗಳ ವಿಚಾರಣೆ ಬೇಡ, ಹಾಜರಿ ಪುಸ್ತಕವೂ ಬೇಡ. ಹೆಂಡತಿ, ತಾಯಿಯರಿಗೆ ಪಕ್ಕದಲ್ಲಿಯೇ ಇನ್ನೊಂದು ಕೋಣೆ ದೊರೆತರೆ ಇನ್ನೂ ಲೇಸು, ಏಕೆಂದರೆ ಅವರ ಮಾತನ್ನು ಕೇಳುವವರೂ ಇಲ್ಲ. ಕೋಣೆಗೆ ದಾನಿಗಳ ಹೆಸರಿನ ಫಲಕ ಹಾಕಬೇಕೆಂಬ ಸಲಹೆ ಸಭೆಯಲ್ಲಿ ಖಂಡಿತ ಬರುತ್ತದೆ. ಒಳಗೆ ಬರುವವರು ಹೆಸರು ಹೇಳದೆ ಕುಳಿತುಕೊಳ್ಳುವ ಸ್ಥಳವದು. ಫಲಕವನ್ನು ಬೇರೆಡೆ ಹಾಕಿಸಬಹುದು.