ಪಯಣಿಗನ ಪರಿಗ್ರಹ

ಬೆಂಗಳೂರಿನ ಯಲಹಂಕದಿಂದ ಹೆಬ್ಬಾಳದವರೆಗೆ ಬಳ್ಳಾರಿ ರಸ್ತೆಯ ಇಕ್ಕೆಲಗಳಲ್ಲಿಯೂ ಎದ್ದಿರುವ ಬಹುಮಹಡಿ ವಸತಿಗೃಹಗಳ ನೆಲಮಾಳಿಗೆಗಳಲ್ಲಿ, ಕಾರುಗಳು ನಿಲ್ಲುವ ಗೆರೆಗಳಾಚೆ ಕಂಬಕ್ಕೂ ಗೋಡೆಗೂ ನಡುವೆ ಉಳಿದಿರುವ ಮೂಲೆಗಳನ್ನು ತುಸು ನಿಧಾನವಾಗಿ ನೋಡಿದವರಿಗೆ ಒಂದು ವಿಲಕ್ಷಣವಾದ ವಸ್ತುಸಂಚಯವು ಕಣ್ಣಿಗೆ ಬೀಳುತ್ತದೆ. ಕಾರಿನ ನೆತ್ತಿಯಿಂದ ಇಳಿಸಿ ಗೋಡೆಗೆ ಒರಗಿಸಿದ ಕ್ಯಾರಿಯರು, ಜಿಪ್ಪು ಕಚ್ಚಿಕೊಂಡು ಬಿಚ್ಚಲು ಬಾರದಂತಾಗಿರುವ ಟೆಂಟಿನ ಚೀಲ, ಕಾರಿನ ಪಕ್ಕಕ್ಕೆ ಚಪ್ಪರದಂತೆ ಬಿಚ್ಚಿಕೊಳ್ಳಬೇಕಾಗಿದ್ದ ಬಟ್ಟೆಯ ಸುರುಳಿ, ಬ್ಯಾಟರಿಯಿಂದ ನಡೆಯುವ ಪುಟ್ಟ ಫ್ರಿಜ್ಜು, ಮತ್ತು ಅದರೊಳಗೆ ಈಗ ಹಳೆಯ ವೃತ್ತಪತ್ರಿಕೆಗಳು. ಇವೆಲ್ಲವೂ ಒಂದಾನೊಂದು ಕಾಲದಲ್ಲಿ ಬಹಳ ವಿಚಾರಮಾಡಿ, ಬೆಲೆಗಳನ್ನು ಹೋಲಿಸಿ, ಮನೆಯವರೊಡನೆ ಚರ್ಚಿಸಿ ಕೊಂಡ ಪದಾರ್ಥಗಳು. ಒಂದೆರಡು ಸಲ ನಂದಿಯ ಆಚೆ ಚಿಕ್ಕಬಳ್ಳಾಪುರದ ಕಡೆಗೋ, ಇಲ್ಲವೆ ಸಕಲೇಶಪುರದ ಕಡೆಗೋ ಹೋಗಿಬಂದು, ಅಲ್ಲಿ ಹಾಸಿಗೆ ಹೊದಿಕೆಗಳೂ ಬಿಸಿನೀರೂ ಸಿದ್ಧವಾಗಿದ್ದ ಹೋಂಸ್ಟೇಯ ಅಂಗಳದಲ್ಲಿ ಬಿಚ್ಚದೆಯೇ ಉಳಿದು, ಕೊನೆಗೆ ಈ ಮೂಲೆಯನ್ನು ಸೇರಿದವು.

ಆಸ್ಟ್ರೇಲಿಯದಂತಹ ವಿಶಾಲವಾದ ದೇಶಗಳಲ್ಲಿ ಜನರು ಕಾರಿನ ಹಿಂದೆ ಗಾಲಿಯ ಮನೆಯೊಂದನ್ನೇ ಕಟ್ಟಿಕೊಂಡು ತಿಂಗಳುಗಟ್ಟಲೆ ಸಂಚರಿಸುವುದುಂಟು. ಅಲ್ಲಿಯೂ ಆ ಗಾಲಿಮನೆಗೆಂದು ಕೊಂಡ ಉಪಕರಣಗಳಲ್ಲಿ ಅನೇಕವು ಅನಂತರ ವ್ಯಸನಕ್ಕೆ ಕಾರಣವಾಗುತ್ತವೆ. ನಮ್ಮಲ್ಲಿ ಗಾಲಿಮನೆಯನ್ನು ಎಳೆಯುವವರು ಅತಿ ವಿರಳ; ಆದರೆ ಅದರ ಅಂಗೋಪಾಂಗಗಳನ್ನೆಲ್ಲ ದಿನನಿತ್ಯದ ಕಾರಿಗೇ ತೊಡಿಸುವ ಅಭಿರುಚಿಯು ಈಚಿನ ವರ್ಷಗಳಲ್ಲಿ ನಮ್ಮ ನಗರದ ಉತ್ತರಭಾಗದಲ್ಲಿ ಚೆನ್ನಾಗಿ ಬೇರೂರಿದೆ. ಕೊಂಡದ್ದಕ್ಕಾಗಿ ಮರುಗುವುದು ಲೋಕದಲ್ಲಿ ಹೊಸದಲ್ಲ. ಆದರೂ ಪ್ರಯಾಣಕ್ಕಾಗಿ ಕೊಂಡದ್ದರ ಮರುಕದಲ್ಲಿ ಒಂದು ವಿಶೇಷವಿದೆಯೆಂದು ನನಗೆ ತೋರುತ್ತದೆ. ಏಕೆಂದರೆ ಮನೆಯನ್ನು ಬಿಟ್ಟುಹೊರಡುವುದೇ ಪ್ರಯಾಣವಾಗಿರುವಲ್ಲಿ, ಆ ಹೊರಡುವಿಕೆಯ ಹೆಸರಿನಲ್ಲಿಯೇ ನಾವು ಮನೆಯನ್ನು ಇಮ್ಮಡಿ ಮಾಡಿಕೊಳ್ಳುತ್ತೇವೆ. ಇಂತಹ ಮರುಕವು ಯಾವ ಬಗೆಯ ಜ್ಞಾನ, ಅದರಿಂದ ಮನುಷ್ಯನಿಗೆ ಆಗುವ ಉಪಕಾರವೇನು ಎಂಬುದು ಚಿಂತನಾರ್ಹವಾದ ಪ್ರಶ್ನೆ.

ಪತಂಜಲಿಯ ಯೋಗಸೂತ್ರವು ಯಮಗಳನ್ನು ಐದೆಂದು ಎಣಿಸಿ ಅಪರಿಗ್ರಹವನ್ನು ಕಡೆಯಲ್ಲಿ ಇಟ್ಟಿದೆ. ಅದಕ್ಕೆ ಭಾಷ್ಯವನ್ನು ಬರೆದ ವ್ಯಾಸರು ಅಪರಿಗ್ರಹವನ್ನು ಬರಿಯ ನಿಗ್ರಹವೆಂದಾಗಲಿ ಬಡತನದ ಆರಾಧನೆಯೆಂದಾಗಲಿ ಹೇಳದೆ, ಒಂದು ಕಾಣ್ಕೆಯ ಫಲವೆಂದು ಹೇಳುತ್ತಾರೆ: ವಿಷಯಗಳನ್ನು ಗಳಿಸುವುದರಲ್ಲಿ, ಗಳಿಸಿದ್ದನ್ನು ಕಾಪಾಡುವುದರಲ್ಲಿ, ಅವು ಕ್ಷಯಿಸುವುದರಲ್ಲಿ, ಅವುಗಳ ಸಂಗದಲ್ಲಿ, ಅವುಗಳಿಂದಾಗುವ ಹಿಂಸೆಯಲ್ಲಿ ಇರುವ ದೋಷಗಳನ್ನು ಕಂಡವನು ಅವನ್ನು ಸ್ವೀಕರಿಸದಿರುವುದೇ ಅಪರಿಗ್ರಹ. ಈ ವಿವರಣೆಯು ನನಗೆ ಬಹಳ ಪ್ರಿಯವಾದುದು. ಇದರಲ್ಲಿ ಬೈಗುಳವಿಲ್ಲ, ಕಣ್ಣು ತೆರೆದು ನೋಡಿರೆಂಬ ಆಹ್ವಾನವಿದೆ. ನೆಲಮಾಳಿಗೆಯಲ್ಲಿ ತನ್ನ ಟೆಂಟಿನ ಚೀಲವನ್ನು ನೋಡಿ ನಿಟ್ಟುಸಿರುಬಿಡುವ ಗೃಹಸ್ಥನು, ತಾನರಿಯದೆಯೇ, ಭಾಷ್ಯಕಾರರು ಹೇಳಿದ ಆ ದೋಷದರ್ಶನದ ಹೊಸ್ತಿಲಿಗೆ ಬಂದು ನಿಂತಿರುತ್ತಾನೆ.

ಗಳಿಕೆಯ ದೋಷವನ್ನು ತಿಂಗಳ ಕಂತು ಕಟ್ಟುವವರು ತಾವೇ ಬಲ್ಲರು. ರಕ್ಷಣೆಯ ದೋಷವು ನಿವಾಸಿಗಳ ಸಂಘದ ಸೂಚನಾಫಲಕದಲ್ಲಿ, ಕಾರುಗಳ ತಾಣದಲ್ಲಿ ಸಾಮಾನು ಇಡಕೂಡದೆಂಬ ಒಕ್ಕಣೆಯಲ್ಲಿ ಕಾಣುತ್ತದೆ. ಕ್ಷಯವೆಂಬುದು ರಬ್ಬರು ಸೀಳುವುದರಲ್ಲಿ, ಉಪಯೋಗಿಸದ ಬ್ಯಾಟರಿ ಕೂತಲ್ಲಿಯೇ ಸಾಯುವುದರಲ್ಲಿ, ಬೆಂಗಳೂರಿನ ಮುಂಗಾರಿನಲ್ಲಿ ಒಣಗಿಸದೆ ಮಡಿಸಿದ ಬಟ್ಟೆಗೆ ಬೂಷ್ಟು ಹತ್ತುವುದರಲ್ಲಿ ಇದೆ. ಇವು ಮೂರೂ ಸ್ಥೂಲವಾದವು. ಸಂಗವೆಂಬ ನಾಲ್ಕನೆಯದು ಸೂಕ್ಷ್ಮ.

ಅದು ನಡೆಯುವ ಬಗೆಯನ್ನು ನೋಡಬೇಕು. ಮೊದಲು ನೆರಳಿಗೆಂದು ಕಾರಿಗೆ ಚಪ್ಪರದ ಸುರುಳಿ ಬರುತ್ತದೆ. ಚಪ್ಪರವಿದ್ದ ಮೇಲೆ ಸಂಜೆ ಅದರ ಕೆಳಗೆ ಕುಳಿತುಕೊಳ್ಳಬೇಕಲ್ಲವೆ? ಅದಕ್ಕೆ ಮಡಚುವ ಕುರ್ಚಿಗಳೂ ಮೇಜೂ ಬೇಕು. ಸಂಜೆ ಕತ್ತಲಾಗುತ್ತದೆ, ದೀಪಗಳ ಸರ ಬೇಕು. ದೀಪವೂ ಫ್ರಿಜ್ಜೂ ಒಟ್ಟಿಗೆ ಕಾರಿನ ಬ್ಯಾಟರಿಯನ್ನು ಹೀರಿ, ಬೆಳಗ್ಗೆ ಎಂಜಿನ್ ಹೊತ್ತಿಕೊಳ್ಳದಂತಾದಾಗ ಎರಡನೆಯ ಬ್ಯಾಟರಿಯು ಅನಿವಾರ್ಯವಾಗುತ್ತದೆ. ಅದನ್ನು ತುಂಬಿಸಲು ಸೌರಫಲಕ, ಫಲಕವನ್ನು ಕೂಡಿಸಲು ನೆತ್ತಿಯ ಮೇಲೆ ಇನ್ನೂ ದೊಡ್ಡ ಕ್ಯಾರಿಯರು, ಕ್ಯಾರಿಯರಿನ ಭಾರವನ್ನು ತಡೆಯಲು ಗಟ್ಟಿಯಾದ ಸ್ಪ್ರಿಂಗುಗಳು. ಇಲ್ಲಿ ಯಾವ ಒಂದು ಹೆಜ್ಜೆಯೂ ಅವಿವೇಕದ್ದಲ್ಲವೆಂಬುದನ್ನು ಗಮನಿಸಬೇಕು. ಪ್ರತಿಯೊಂದು ವಸ್ತುವೂ ಹಿಂದಿನ ವಸ್ತುವು ತಂದೊಡ್ಡಿದ ಕೊರತೆಗೆ ನ್ಯಾಯವಾದ ಉತ್ತರವೇ. ಕೊರತೆಯನ್ನು ನೀಗಿಸಲು ಬಂದ ವಸ್ತುವು ತನ್ನದೇ ಕೊರತೆಯೊಂದನ್ನು ಹೆತ್ತು, ಅದನ್ನು ಯಜಮಾನನ ಕೊರತೆಯೆಂಬಂತೆ ಅವನ ಮಡಿಲಿಗೆ ಹಾಕುತ್ತದೆ. ಮೋಹವು ವಿವೇಕದ ಭಾಷೆಯನ್ನೇ ಆಡುವುದರಿಂದ ಅದನ್ನು ಗುರುತಿಸುವುದು ಕಷ್ಟ.

ಭಾರದ ಮಾತು ಬಂತು. ಯಶವಂತಪುರದ ಕೃಷಿ ಮಾರುಕಟ್ಟೆಯ ಪ್ರಾಂಗಣಕ್ಕೆ ಬರುವ ಲಾರಿಯ ಚಾಲಕನಿಗೆ ಭಾರದ ವಿಷಯದಲ್ಲಿ ಯಾವ ಭ್ರಾಂತಿಯೂ ಇಲ್ಲ. ತೂಕದ ಸೇತುವೆಯ ಮೇಲೆ ಗಾಡಿಯನ್ನು ನಿಲ್ಲಿಸಿದರೆ ಒಟ್ಟು ತೂಕ, ಖಾಲಿ ತೂಕ, ಸರಕಿನ ತೂಕವೆಂದು ಮೂರು ಅಂಕಿಗಳುಳ್ಳ ಚೀಟಿಯು ಅವನ ಕೈಸೇರುತ್ತದೆ. ಗಾಲಿಮನೆಗಳಿಗೂ ಇದೇ ಲೆಕ್ಕ: ಕಾನೂನು ಒಪ್ಪುವ ಒಟ್ಟು ತೂಕದಲ್ಲಿ ಗಾಡಿಯ ಸ್ವಂತ ತೂಕವನ್ನು ಕಳೆದು ಉಳಿದಷ್ಟೇ ಯಜಮಾನನು ಹೇರಬಹುದಾದ ಹೊರೆ, ಮತ್ತು ಪ್ರತಿಯೊಂದು ಅಲಂಕಾರವೂ ಆ ಉಳಿಕೆಯಿಂದ ನೀರನ್ನೋ ಆಹಾರವನ್ನೋ ಹೊರದೂಡುತ್ತದೆ. ಕಾರಿನ ನೆತ್ತಿಯ ಮೇಲೆ ಬಿಚ್ಚುವ ಟೆಂಟುಗಳಲ್ಲಿ 50 ಕಿಲೋಗ್ರಾಮಿಗೂ ಮಿಕ್ಕಿ ತೂಗುವವು ಹಲವು. ಅಷ್ಟು ಭಾರವು ಮೇಲೇರಿದರೆ ಗಾಡಿಯ ಗುರುತ್ವಕೇಂದ್ರವೂ ಮೇಲೇರಿ ತಿರುವುಗಳಲ್ಲಿ ಓಲಾಟ ಹೆಚ್ಚುತ್ತದೆ, ಗಾಳಿಯ ಎದುರೊತ್ತು ಬೆಳೆದು ಇಂಧನವೂ ಹೆಚ್ಚು ಸುಡುತ್ತದೆ. ಅದೇ ಯಶವಂತಪುರದ ರೈಲುನಿಲ್ದಾಣದಲ್ಲಿ ಮತ್ತೊಂದು ತರದ ಪಾಠವಿದೆ. ರೈಲ್ವೆಯವರು ಎರಡನೆಯ ದರ್ಜೆಯ ಪ್ರಯಾಣಿಕನಿಗೆ 35 ಕಿಲೋಗ್ರಾಂ, ಸ್ಲೀಪರಿನವನಿಗೆ 40, ಹವಾನಿಯಂತ್ರಿತ ಮೊದಲನೆಯ ದರ್ಜೆಯವನಿಗೆ 70 ಕಿಲೋಗ್ರಾಂ ಸಾಮಾನನ್ನು ಶುಲ್ಕವಿಲ್ಲದೆ ಒಯ್ಯಗೊಡುತ್ತಾರೆ. ಸ್ಥಾನವು ಏರಿದಂತೆ ಹೊರೆಯೂ ಏರುವುದು ಸಹಜವೆಂಬ ನಂಬಿಕೆಯು ಇಲ್ಲಿ ನಿಯಮವೇ ಆಗಿ ನಿಂತಿದೆ.

ನಮ್ಮ ನಾಡಿನ ಪಾರಮಾರ್ಥಿಕ ಪರಂಪರೆಗಳು ಈ ಸಂಬಂಧವನ್ನು ತಲೆಕೆಳಗು ಮಾಡಿದವು. ಅಲ್ಲಿ ಸ್ಥಾನವು ಏರಿದಂತೆಲ್ಲ ಹೊರೆ ಇಳಿಯುತ್ತದೆ. ಶ್ರವಣಬೆಳಗೊಳದ ಬೆಟ್ಟದ ಮೇಲೆ ಚಾವುಂಡರಾಯನು ಸುಮಾರು 981ರಲ್ಲಿ ನಿಲ್ಲಿಸಿದ ಗೊಮ್ಮಟನು ವಸ್ತ್ರವೊಂದನ್ನೂ ಉಳಿಸಿಕೊಳ್ಳದವನು. ಅವನ ಹಾದಿಯನ್ನು ಹಿಡಿದ ದಿಗಂಬರ ಮುನಿಗಳು ಮಳೆಗಾಲದ ನಾಲ್ಕು ತಿಂಗಳು ಒಂದೆಡೆ ನಿಂತು, ಉಳಿದ ಕಾಲವೆಲ್ಲ ಬರಿಗಾಲಿನಲ್ಲಿ ವಿಹಾರಮಾಡುವ ನಿತ್ಯಸಂಚಾರಿಗಳು. ಆದುದರಿಂದ ಪ್ರಯಾಣದ ಸಾಮಗ್ರಿಯ ವಿಷಯದಲ್ಲಿ ಅವರಷ್ಟು ಅಧಿಕಾರವುಳ್ಳವರು ಬೇರಿಲ್ಲ. ಅವರಿಗೂ ಉಪಕರಣಗಳುಂಟು. ನವಿಲುಗರಿಯ ಪಿಂಛಿ ಸಂಯಮಕ್ಕೆ, ಕಮಂಡಲುವು ಶೌಚಕ್ಕೆ, ಶಾಸ್ತ್ರಗ್ರಂಥವು ಜ್ಞಾನಕ್ಕೆ. ಈ ಮೂರನ್ನು ಆ ಧರ್ಮವು ಉಪಕರಣಗಳೆಂದೇ ಕರೆದು ಅನುಮತಿಸಿದೆ. ಪಿಂಛಿಯ ಉಪಯೋಗವನ್ನು ಹತ್ತಿರದಿಂದ ಕಂಡವರು ಬಲ್ಲರು: ಮುನಿಗಳು ಕುಳಿತುಕೊಳ್ಳುವ ಮೊದಲು, ಏನನ್ನಾದರೂ ಎತ್ತಿಡುವ ಮೊದಲು, ಆ ಮೃದುವಾದ ಗರಿಗಳಿಂದ ನೆಲವನ್ನು ಮೆಲ್ಲನೆ ಸವರುತ್ತಾರೆ, ಅಲ್ಲಿ ಹರಿದಾಡುತ್ತಿರಬಹುದಾದ ಇರುವೆಯೋ ಹುಳುವೋ ನೋಯದೆ ಅತ್ತ ಸರಿಯಲೆಂದು.

ಇದರ ಪಕ್ಕದಲ್ಲಿ, ಇತ್ತೀಚಿನವರೆಗೆ ನಮ್ಮ ಕಾರುಗಳ ಮುಖಕ್ಕೆ ತೊಡಿಸುತ್ತಿದ್ದ ಉಕ್ಕಿನ ಬುಲ್ ಗಾರ್ಡನ್ನು ಇಟ್ಟು ನೋಡಬೇಕೆಂದು ನಾನು ಓದುಗರನ್ನು ಬೇಡುತ್ತೇನೆ. ಅದೂ ದಾರಿಯಲ್ಲಿ ಎದುರಾಗುವವರನ್ನು ಕುರಿತೇ ಕೊಂಡ ಉಪಕರಣ. ಡಿಕ್ಕಿಯಾದಾಗ ತಾನು ಸೊಪ್ಪಾಗಿ ಮಡಚಿಕೊಂಡು ಪೆಟ್ಟಿನ ಬಲವನ್ನು ನುಂಗಬೇಕೆಂದು ಎಂಜಿನಿಯರುಗಳು ರಚಿಸಿದ ಕಾರಿನ ಮುಂಭಾಗವನ್ನು ಈ ಕಂಬಿಯು ಬಿಗಿಗೊಳಿಸಿ, ಆ ಬಲವನ್ನು ಒಂದು ಕಡೆ ಒಳಗೆ ಕುಳಿತವರ ಮೇಲೂ ಮತ್ತೊಂದು ಕಡೆ ರಸ್ತೆ ದಾಟುತ್ತಿರುವ ಪಾದಚಾರಿಯ ಎಲುಬುಗಳ ಮೇಲೂ ತಳ್ಳುತ್ತದೆ. ಏರ್‌ಬ್ಯಾಗು ಸಕಾಲದಲ್ಲಿ ತೆರೆಯುವುದಕ್ಕೂ ಅಡ್ಡಿಯಾಗಬಹುದು. 2017ರ ಡಿಸೆಂಬರಿನಲ್ಲಿ ಕೇಂದ್ರದ ಸಾರಿಗೆ ಸಚಿವಾಲಯವು ಇವುಗಳನ್ನು ಹಾಕಿಕೊಂಡವರ ಮೇಲೆ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆಯಿತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯಾದರೋ ವಾಹನದ ಮೂಲರಚನೆಯನ್ನು ಮನಬಂದಂತೆ ಬದಲಿಸಕೂಡದೆಂದು ಮೊದಲೇ ಹೇಳಿತ್ತು. ಆಮೇಲೆ ಅನೇಕರು ಅದನ್ನು ಬಿಚ್ಚಿಸಿದರು, ಕೊಟ್ಟ ಹಣಕ್ಕಾಗಿ ಮರುಗಿದರು. ಆದರೆ ಮರುಗಬೇಕಾದುದು ಹಣಕ್ಕಾಗಿ ಅಲ್ಲ. ಭಾಷ್ಯಕಾರರು ಪರಿಗ್ರಹದ ದೋಷಗಳ ಕಟ್ಟಕಡೆಯಲ್ಲಿ ಹಿಂಸೆಯನ್ನು ಏಕೆ ಹೆಸರಿಸಿದರೆಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನವು ನನಗೆ ಗೊತ್ತಿಲ್ಲ. ಒಂದು ಉಪಕರಣವು ತನ್ನ ದಾರಿಗೆ ಬಂದ ಕ್ರಿಮಿಯನ್ನೂ ಕಾಯುತ್ತದೆ; ಇನ್ನೊಂದು, ಯಜಮಾನನ ಭಯವನ್ನು ಉಕ್ಕಾಗಿಸಿ ದಾರಿಹೋಕನ ಮೈಮೇಲೆ ಹೇರುತ್ತದೆ.

ಭಯವೆಂದೆ. ಪ್ರಯಾಣದ ಪರಿಗ್ರಹಕ್ಕೆ ಆಸೆಗಿಂತಲೂ ಭಯವೇ ಹೆಚ್ಚಿನ ಕಾರಣವೆಂಬುದು ನನ್ನ ದೃಢವಾದ ಅಭಿಪ್ರಾಯ. ದಾರಿಯಲ್ಲಿ ಏನಾದೀತೋ, ಯಾರನ್ನು ಬೇಡಬೇಕಾದೀತೋ ಎಂಬ ಅಂಜಿಕೆಯೇ ಚೀಲವನ್ನು ತುಂಬಿಸುತ್ತದೆ. ಶಬರಿಮಲೆಯ ಯಾತ್ರಿಕನಿಗೂ ದಾರಿಯ ಭಯವಿದ್ದೀತು. ಆದರೆ ಜಾಲಹಳ್ಳಿಯ ಅಯ್ಯಪ್ಪ ದೇವಾಲಯದಲ್ಲಿ ಅವನು ತಲೆಯ ಮೇಲೆ ಹೊತ್ತುಕೊಳ್ಳುವ ಇರುಮುಡಿಗೆ ಎರಡೇ ಗಂಟುಗಳು, ಮುಂದಿನದರಲ್ಲಿ ತುಪ್ಪ ತುಂಬಿದ ತೆಂಗಿನಕಾಯಿಯೇ ಮೊದಲಾದ ದೇವರ ಸಾಮಗ್ರಿ, ಹಿಂದಿನದರಲ್ಲಿ ತನ್ನ ದಾರಿಯ ಬುತ್ತಿ. ಎಷ್ಟು ಹೊರಬೇಕೆಂಬುದನ್ನು ವ್ರತವು ಮೊದಲೇ ನಿಶ್ಚಯಿಸಿರುವುದರಿಂದ ಹೊರೆಯ ಬಗೆಗೆ ಮರುಗುವ ಸಂದರ್ಭವೇ ಅವನಿಗೆ ಒದಗುವುದಿಲ್ಲ.

ಈ ‘ಮೊದಲೇ’ ಎಂಬುದರಲ್ಲಿ ಸ್ವಾರಸ್ಯವಿದೆ. ಜೈನರ ಷಡಾವಶ್ಯಕಗಳಲ್ಲಿ ಪ್ರತಿಕ್ರಮಣ, ಪ್ರತ್ಯಾಖ್ಯಾನ ಎರಡೂ ಸೇರಿವೆ; ಆದ ದೋಷವನ್ನು ಹಿಂತಿರುಗಿ ನೋಡಿ ಮರುಗುವುದು ಒಂದು, ಮುಂದೆ ಆಗದಂತೆ ಈಗಲೇ ತ್ಯಜಿಸುವುದು ಇನ್ನೊಂದು. ನೆಲಮಾಳಿಗೆಯ ಮರುಕಗಳಲ್ಲಿ ಬಹುಪಾಲು ಮೊದಲನೆಯದರಲ್ಲಿಯೇ, ಅದೂ ಅರೆಬರೆಯಾಗಿ, ನಿಂತುಬಿಡುತ್ತವೆ. ಈ ಟೆಂಟು ಸರಿಯಿಲ್ಲ, ಇದನ್ನು ಅರ್ಧ ಬೆಲೆಗೆ ಮಾರಿ ಒಳ್ಳೆಯದನ್ನು ಕೊಳ್ಳೋಣವೆನ್ನುವುದು ಪಶ್ಚಾತ್ತಾಪವಲ್ಲ. ಅದು ಆಸೆಯೇ ಮಗ್ಗುಲು ಬದಲಿಸಿ ಮಲಗುವುದು. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಕಥೆ ನಮಗೆಲ್ಲ ಗೊತ್ತಿದೆ. ಪತಿಯಾದ ಮಾರಯ್ಯನು ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಆಕೆ ಅದನ್ನು ಆಯ್ದ ಸ್ಥಳದಲ್ಲಿಯೇ ಸುರಿದು ಬರುವಂತೆ ಅವನನ್ನು ಮರಳಿ ಕಳುಹಿಸಿದಳು. ಆ ಅಕ್ಕಿ ಕದ್ದದ್ದಲ್ಲ, ಬೇಡಿದ್ದಲ್ಲ. ಮನೆಯಲ್ಲಿ ಬೆಂದು ಅನ್ನವಾಗಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆಕೆಯ ವಿವೇಕವು ಒಲೆ ಹೊತ್ತುವ ಮೊದಲೇ ಮಾತಾಡಿತು. ಗೃಹಸ್ಥನಿಗೆ ಜೈನಶಾಸ್ತ್ರವು ವಿಧಿಸುವ ಪರಿಗ್ರಹಪರಿಮಾಣವ್ರತವೂ ಇದೇ ಜಾತಿಯದು: ಸರ್ವಸ್ವವನ್ನೂ ಬಿಡೆಂದು ಅದು ಹೇಳುವುದಿಲ್ಲ, ನಿನ್ನ ಮಿತಿಯನ್ನು ನೀನೇ ಗೊತ್ತುಮಾಡಿಕೊ, ಆದರೆ ಆಸೆಯು ಎದುರಿಗೆ ಬಂದು ನಿಲ್ಲುವ ಮುಂಚೆ ಗೊತ್ತುಮಾಡಿಕೊ ಎನ್ನುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪವನ್ನು ಗೌರವದಿಂದ ಕೇಳಬೇಕು. ಅಪರಿಗ್ರಹದ ಹೆಸರಿನಲ್ಲಿ ಪರರ ಅಗತ್ಯವನ್ನು ಹಳಿಯುವುದು ಸುಲಭ. ಪ್ರಯಾಣದ ಉಪಕರಣಗಳಲ್ಲಿ ಅತಿ ಹೆಚ್ಚಾಗಿ ಹಾಸ್ಯಕ್ಕೆ ಗುರಿಯಾಗುವುದು ಮಡಚಿ ಒಯ್ಯುವ ಶೌಚದ ಪೆಟ್ಟಿಗೆ. ತರುಣರು ಅದನ್ನು ಕೊಂಡು, ಒಮ್ಮೆಯೂ ಉಪಯೋಗಿಸದೆ, ಹಣ ಹಾಳಾಯಿತೆನ್ನುತ್ತಾರೆ. ಆದರೆ ಲೇಪಾಕ್ಷಿಗೋ ಪುಟ್ಟಪರ್ತಿಗೋ ಹೋಗಬೇಕೆಂದು, ಮಂಡಿನೋವಿನಿಂದ ಕುಕ್ಕುರುಗೂರಲಾರದ ವೃದ್ಧೆಯೊಬ್ಬರು ಹೆದ್ದಾರಿಯಲ್ಲಿ ಶುಚಿಯಾದ ಸ್ಥಳ ಸಿಗದೆಂದು ಅಂಜಿ, ಬೆಳಗಿನಿಂದ ಒಂದು ಗುಟುಕು ನೀರನ್ನೂ ಕುಡಿಯದೆ ಕಾರಿನಲ್ಲಿ ಕುಳಿತಿರುತ್ತಾರಲ್ಲ, ಅವರ ಪಾಲಿಗೆ ಅದೇ ಪೆಟ್ಟಿಗೆಯು ಮುನಿಗಳ ಕಮಂಡಲುವಿನ ಅಂತಸ್ತಿನದು. ಜೈನರ ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ವಸ್ತುವಿನಲ್ಲಿ ನೋಡದೆ ವಸ್ತುವಿನ ಮೇಲಣ ಮೋಹದಲ್ಲಿ ನೋಡಿದುದು ಇದಕ್ಕಾಗಿಯೇ ಇರಬೇಕು. ಬೇಡದ ವಸ್ತುಗಳ ಪಟ್ಟಿಯೊಂದನ್ನು ಎಲ್ಲರಿಗೂ ಅನ್ವಯಿಸುವಂತೆ ಬರೆದುಕೊಡಲು ಬರುವುದಿಲ್ಲ.

ಮತ್ತೊಂದು ಸಂಗತಿಯೂ ಇದರಿಂದಲೇ ಹೊರಡುತ್ತದೆ. ನಮ್ಮ ಹಿರಿಯರ ಕಾಲದಲ್ಲಿ ಪ್ರಯಾಣದ ಉಪಕರಣಗಳು ಪ್ರಯಾಣಿಕನ ಮೈಮೇಲೆ ಇರುತ್ತಿರಲಿಲ್ಲ, ದಾರಿಯ ಮೇಲೆ ಇರುತ್ತಿದ್ದವು. ಬೇಸಿಗೆಯಲ್ಲಿ ಅರವಟ್ಟಿಗೆ, ರಾತ್ರಿಗೆ ಛತ್ರ, ನಡುಹಗಲಿಗೆ ಸಾಲುಮರ, ತಲೆಹೊರೆಯನ್ನು ಪರರ ನೆರವಿಲ್ಲದೆ ಇಳಿಸಿ ಏರಿಸಿಕೊಳ್ಳಲು ಆಳೆತ್ತರಕ್ಕೆ ನಿಲ್ಲಿಸಿದ ಕಲ್ಲು. ಇವನ್ನೆಲ್ಲ ಯಾರೋ ಪುಣ್ಯಕ್ಕೆಂದು ಮಾಡಿಸಿಟ್ಟಿದ್ದರು. ಇಂದಿಗೂ ಶಿವರಾತ್ರಿಯ ಮುನ್ನ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಕಾಲ್ನಡೆಯಲ್ಲಿ ಹೊರಡುವ ಭಕ್ತರು ಹಗುರವಾಗಿ ನಡೆಯಬಲ್ಲರಾದರೆ, ದಾರಿಯ ಊರುಗಳವರು ಮಜ್ಜಿಗೆ ಪಾನಕಗಳನ್ನು ಹಿಡಿದು ನಿಂತಿರುತ್ತಾರೆಂಬುದು ಅದಕ್ಕೆ ಒಂದು ಕಾರಣ. ಸಮಾಜವು ದಾರಿಯಲ್ಲಿ ಇಟ್ಟದ್ದನ್ನು ತೆಗೆದುಹಾಕಿದಷ್ಟೂ ವ್ಯಕ್ತಿಯು ಅದನ್ನು ತನ್ನ ನೆತ್ತಿಯ ಮೇಲೆ ಹೇರಿಕೊಳ್ಳಬೇಕಾಗುತ್ತದೆ. ಆದುದರಿಂದ, ಹೆಬ್ಬಾಳದ ಮೇಲ್ಸೇತುವೆಯಿಂದ ದೇವನಹಳ್ಳಿಯನ್ನು ದಾಟಿ ಆಂಧ್ರದ ಗಡಿಯವರೆಗೆ ಬಹುಪಥಗಳ ಹೆದ್ದಾರಿಯನ್ನು ಹಾಸಲು ಶಕ್ತರಾದವರು ಆ ದಾರಿಯುದ್ದಕ್ಕೂ, ವೃದ್ಧೆಯೊಬ್ಬರು ಸಂಕೋಚವಿಲ್ಲದೆ ಇಳಿದು ಹೋಗಬಹುದಾದ, ನೀರುಳ್ಳ, ಒಳಗಿನಿಂದ ಅಗುಳಿ ಹಾಕಲು ಬರುವ, ಹಿಡಿದುಕೊಳ್ಳಲು ಗೋಡೆಗೆ ಕಂಬಿಯಿರುವ ಶೌಚಗೃಹಗಳನ್ನೂ ಕಟ್ಟಿಸಿ ಶುಚಿಯಾಗಿಡುವುದನ್ನು ಧರ್ಮದ ಪ್ರಶ್ನೆಯೆಂದೇ ಎಣಿಸಬೇಕು.