ಔಷಧದಾನದಲ್ಲಿ ಅಳತೆಯ ವಿವೇಕ

ನಮ್ಮ ಕೊಪ್ಪಳವನ್ನು ಪ್ರಾಚೀನ ಶಾಸನಗಳು ಕೊಪಣವೆಂದು ಕರೆದಿವೆ. ಇಲ್ಲಿಯ ಶಕವರ್ಷ 803ರ, ಎಂದರೆ ಕ್ರಿ.ಶ. 881ರ ಶಾಸನವೊಂದು ಏಕಚಟ್ಟುಗದ ಭಟಾರರ ಶಿಷ್ಯರಾದ ಸರ್ವನಂದಿ ಭಟಾರರು ಈ ಊರಿನಲ್ಲಿ ನೆಲೆಸಿ, ಜನರಿಗೆ ಉಪದೇಶವನ್ನಿತ್ತು, ತಪಸ್ಸನ್ನಾಚರಿಸಿ, ಸಂನ್ಯಸನ ವಿಧಿಯಿಂದ ದೇಹತ್ಯಾಗ ಮಾಡಿದರೆಂದು ಹೇಳುತ್ತದೆ. ಪಾಲ್ಕಿಗುಂಡಿನ ಬಂಡೆಯ ಮೇಲೆ ಚಾವಯ್ಯನು ಕೆತ್ತಿಸಿದ ಜಟಾಸಿಂಹನಂದಿ ಆಚಾರ್ಯರ ಪಾದಗಳಿಗೆ ಇಂದಿಗೂ ಭಕ್ತರು ಕೈಮುಗಿಯುತ್ತಾರೆ. ಮರಣವನ್ನು ಹೇಗೆ ಎದುರುಗೊಳ್ಳಬೇಕೆಂಬ ಪ್ರಶ್ನೆ ಈ ನೆಲಕ್ಕೆ ಹೊಸದಲ್ಲ.

ಆದರೆ ಇಂದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಶ್ರಾವಕರ ಮನೆಗಳಲ್ಲಿ ಮರಣವು ಬೇರೊಂದು ರೂಪದಲ್ಲಿ ಬರುತ್ತಿದೆ. ಅರ್ಬುದ ರೋಗಕ್ಕೆ ಹುಬ್ಬಳ್ಳಿಗೋ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಅಲೆದು, ಕೊನೆಗೆ "ಇನ್ನು ಮನೆಯಲ್ಲಿಯೇ ನೋಡಿಕೊಳ್ಳಿ" ಎಂಬ ಮಾತನ್ನು ಕೇಳಿ, ಮಾತ್ರೆಗಳ ಚೀಲವೊಂದನ್ನು ಹಿಡಿದು ಹಿಂದಿರುಗುವ ಕುಟುಂಬಗಳು ನಮ್ಮ ನಡುವೆ ಇವೆ. ಆ ಚೀಲವನ್ನು ಬಿಚ್ಚಿದ ಮೇಲೆ ಏನು ಮಾಡಬೇಕು? ಯಾವುದನ್ನು, ಎಷ್ಟು, ಯಾವಾಗ ಕೊಡಬೇಕು? ಯಾವುದನ್ನು ನಿಲ್ಲಿಸಬೇಕು? ಇದು ವೈದ್ಯಶಾಸ್ತ್ರದ ಪ್ರಶ್ನೆ ಮಾತ್ರವಲ್ಲ, ಧರ್ಮದ ಪ್ರಶ್ನೆಯೂ ಹೌದೆಂಬುದನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಒಂದು ಆಕ್ಷೇಪವನ್ನು ವಿಚಾರಿಸೋಣ. ನೋವು ಪೂರ್ವಕರ್ಮದ ಫಲ, ಸಹಿಸಿದರೆ ನಿರ್ಜರೆ, ಹೀಗಿರುವಾಗ ಮಾರ್ಫೀನ್‌ನಂತಹ ಔಷಧದಿಂದ ಅದನ್ನು ತಡೆಯುವುದು ಸರಿಯೆ ಎಂದು ಕೆಲವು ಹಿರಿಯರು ಕೇಳುತ್ತಾರೆ. ವಡ್ಡಾರಾಧನೆಯ ಹತ್ತೊಂಬತ್ತು ಮಹಾಪುರುಷರು ಘೋರ ಉಪಸರ್ಗಗಳನ್ನು ಸಹಿಸಿ ಸಮಾಧಿಮರಣವನ್ನು ಪಡೆಯಲಿಲ್ಲವೆ ಎಂದೂ ಕೇಳುತ್ತಾರೆ. ಪಡೆದರು, ನಿಜ. ಆದರೆ ಅವರು ತಮ್ಮ ವ್ರತವನ್ನು ತಾವೇ ಸ್ವೀಕರಿಸಿದವರು. ಪರೀಷಹಜಯವು ಸ್ವೀಕರಿಸಿದವನಿಗೆ ತಪಸ್ಸು. ಹಾಸಿಗೆಯ ಮೇಲೆ ನರಳುತ್ತಿರುವ ತಾಯಿಯ ಮೇಲೆ ಮಕ್ಕಳು ಅದನ್ನು ಹೇರಿದರೆ ಅದು ತಪಸ್ಸಲ್ಲ, ಉಪೇಕ್ಷೆ. ನಮ್ಮ ಆಚಾರ್ಯರು ವೇದನೆಯಿಂದ ಹುಟ್ಟುವ ನಿರಂತರ ಚಿಂತನೆಯನ್ನು ಆರ್ತಧ್ಯಾನದ ನಾಲ್ಕು ಭೇದಗಳಲ್ಲಿ ಒಂದಾಗಿ ಎಣಿಸಿದ್ದಾರೆ. ನೋವಿನಿಂದ ಕಂಗೆಟ್ಟ ಮನಸ್ಸಿಗೆ ಣಮೋಕಾರ ಮಂತ್ರವೂ ಕಿವಿಗೆ ಬೀಳದು. ನೋವನ್ನು ಶಮನಗೊಳಿಸುವುದೆಂದರೆ ಆ ಜೀವಕ್ಕೆ ಸಮತೆಯ ಅವಕಾಶವನ್ನು ಒದಗಿಸುವುದು.

ಸಮಂತಭದ್ರಾಚಾರ್ಯರ ಕಥೆಯೂ ಇಲ್ಲಿ ನೆನಪಿಗೆ ಬರುತ್ತದೆ. ಭಸ್ಮಕ ರೋಗದಿಂದ ಪೀಡಿತರಾಗಿ ಅವರು ಸಲ್ಲೇಖನಕ್ಕೆ ಅನುಜ್ಞೆ ಬೇಡಿದಾಗ, ಗುರುಗಳು ಒಪ್ಪದೆ, ಮೊದಲು ರೋಗವನ್ನು ಕಳೆದುಕೊಳ್ಳುವಂತೆ ಹೇಳಿದರೆಂಬುದು ಪರಂಪರೆಯ ಮಾತು. ಮುಂದೆ ಅದೇ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ, ಪ್ರತೀಕಾರವಿಲ್ಲದ ಸಂದರ್ಭಗಳಿಗೆ ಮಾತ್ರ ಸಲ್ಲೇಖನವನ್ನು ವಿಧಿಸಿದರು. ಪ್ರತೀಕಾರವಿರುವ ನೋವನ್ನು ಪ್ರತೀಕಾರವಿಲ್ಲದ್ದೆಂದು ಬಗೆಯುವುದು ಶಾಸ್ತ್ರಸಮ್ಮತವಲ್ಲ.

ಇನ್ನು ವಸ್ತುಸ್ಥಿತಿಗೆ ಬರೋಣ. ಯಲಬುರ್ಗಾ ತಾಲ್ಲೂಕಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಎಪ್ಪತ್ತು ದಾಟಿದ ತಾಯಿಗೆ ಅರ್ಬುದ. ನಲವತ್ತು ವರ್ಷಗಳಿಂದ ಸೂರ್ಯಾಸ್ತದ ನಂತರ ನೀರನ್ನೂ ಮುಟ್ಟದವರು. ವೈದ್ಯರು ಬರೆದುಕೊಟ್ಟ ಸಾಮಾನ್ಯ ಮಾರ್ಫೀನ್ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ ಕೊಡಬೇಕು. ತಾಯಿ ರಾತ್ರಿಯ ಮಾತ್ರೆಗಳನ್ನು ನಿರಾಕರಿಸುತ್ತಾರೆ. ನಡುರಾತ್ರಿಯಿಂದ ಬೆಳಗಿನವರೆಗೆ ನೋವು ಮೇರೆ ಮೀರುತ್ತದೆ. ವ್ರತವನ್ನು ಮುರಿಯಿಸುವುದೋ, ನೋವನ್ನು ನೋಡುತ್ತ ಕೂರುವುದೋ ಎಂಬ ಧರ್ಮಸಂಕಟದಲ್ಲಿ ಮಗನಿದ್ದಾನೆ.

ಔಷಧಶಾಸ್ತ್ರವನ್ನು ಬಲ್ಲವನೊಬ್ಬನು ಆ ಮನೆಯಲ್ಲಿದ್ದರೆ ಮೂರನೆಯ ದಾರಿಯನ್ನು ತೋರಿಸಬಲ್ಲ. ಹನ್ನೆರಡು ಗಂಟೆಗಳ ಕಾಲ ನಿಧಾನವಾಗಿ ಕರಗುವ ಮಾರ್ಫೀನ್ ಮಾತ್ರೆಗಳಿವೆ. ನೋವಿನ ಪ್ರಮಾಣವನ್ನು ಅರಿತ ಮೇಲೆ, ವೈದ್ಯರ ಒಪ್ಪಿಗೆಯಿಂದ, ಸೂರ್ಯಾಸ್ತಕ್ಕೆ ಮುನ್ನ ಒಂದನ್ನೂ ಸೂರ್ಯೋದಯದ ಬಳಿಕ ಒಂದನ್ನೂ ಕೊಡಬಹುದು. ಚಳಿಗಾಲದ ದೀರ್ಘ ರಾತ್ರಿಗೆ ಅದು ಸಾಲದಿದ್ದರೆ, ಚರ್ಮಕ್ಕೆ ಅಂಟಿಸಿ ಮೂರು ದಿನ ಬಿಡುವ ಫೆಂಟನಿಲ್ ಪಟ್ಟಿಯನ್ನು ವಿಚಾರಿಸಬಹುದು. ನಡುವೆ ಒಮ್ಮೆಲೆ ನೋವು ಉಕ್ಕಿದರೆ ಏನು ಮಾಡಬೇಕೆಂಬುದನ್ನು ತಾಯಿಯೇ, ಮನಸ್ಸು ತಿಳಿಯಾಗಿರುವಾಗ, ಗುರುಗಳನ್ನು ಕೇಳಿ ಮುಂಚಿತವಾಗಿ ನಿರ್ಧರಿಸಲಿ. ವ್ರತ ಅವರದು, ನೋವೂ ಅವರದು, ನಿರ್ಣಯವೂ ಅವರದಾಗಬೇಕು.

ಇಂತಹ ತಿಳಿವಳಿಕೆ ಇಲ್ಲದಿದ್ದರೆ ಪ್ರೀತಿಯೇ ಹಿಂಸೆಗೆ ಕಾರಣವಾದೀತು. ನುಂಗಲಾರದ ತಾಯಿಗೆ ಆ ದೀರ್ಘಾವಧಿಯ ಮಾತ್ರೆಯನ್ನು ಕುಟ್ಟಿ ಹಾಲಿನಲ್ಲಿ ಕದಡಿ ಕೊಟ್ಟರೆ, ಹನ್ನೆರಡು ಗಂಟೆಗಳ ಔಷಧವು ಒಮ್ಮೆಲೇ ದೇಹಕ್ಕೆ ಸೇರುತ್ತದೆ. ಉಸಿರೇ ನಿಲ್ಲುವ ಅಪಾಯವಿದೆ. ಅಂಟಿಸಿದ ಪಟ್ಟಿಯ ಮೇಲೆ ಬಿಸಿನೀರಿನ ಚೀಲವನ್ನಿಟ್ಟರೂ ಔಷಧವು ಮಿತಿಮೀರಿ ಒಳಸೇರುತ್ತದೆ. ಮೂತ್ರಪಿಂಡಗಳು ಸೋತವರಲ್ಲಿ ಮಾರ್ಫೀನ್‌ನ ಅಂಶವು ಹೊರಹೋಗದೆ ಶೇಖರಗೊಳ್ಳುತ್ತದೆ. ಮಾರ್ಫೀನ್ ಸೇವಿಸುವವರಿಗೆ ಮಲಬದ್ಧತೆ ಬಹುಮಟ್ಟಿಗೆ ತಪ್ಪದು. ನೀರನ್ನು ಮಿತಗೊಳಿಸುವ ವ್ರತ ಮತ್ತು ನಮ್ಮ ಸೀಮೆಯ ಬೇಸಿಗೆ ಕೂಡಿದರೆ ಅದು ಹೊಸದೊಂದು ಯಾತನೆಯಾಗುತ್ತದೆ. ಆದ್ದರಿಂದ ಮೊದಲ ದಿನದಿಂದಲೇ ಅದಕ್ಕೂ ಔಷಧವಿರಬೇಕು. ಇವುಗಳನ್ನೆಲ್ಲ ಮುಂದಾಗಿ ಕಾಣುವುದು, ಅಳೆಯುವುದು, ಮನೆಯವರಿಗೆ ತಿಳಿಯುವ ಮಾತಿನಲ್ಲಿ ಹೇಳುವುದು ಉಪಶಾಮಕ ಆರೈಕೆಯ ಔಷಧತಜ್ಞನ ಕೆಲಸ. ಸರಿಯಾದ ಅಳತೆಯಲ್ಲಿ ಕೊಟ್ಟ ಮಾರ್ಫೀನ್ ಆಯುಷ್ಯವನ್ನು ಕುಗ್ಗಿಸುವುದಿಲ್ಲವೆಂದು ಈ ಕ್ಷೇತ್ರದ ವೈದ್ಯರು ಒತ್ತಿ ಹೇಳುತ್ತಾರೆ. ಅಹಿಂಸೆಯ ದೃಷ್ಟಿಯಿಂದ ಎಲ್ಲವೂ ಆ 'ಸರಿಯಾದ ಅಳತೆ' ಎಂಬ ಮಾತಿನಲ್ಲಿಯೇ ನಿಂತಿದೆ.

ಶ್ರಾವಕರಿಗೆ ಇನ್ನೊಂದು ಪ್ರಶ್ನೆಯುಂಟು. ಬಹುಪಾಲು ಕ್ಯಾಪ್ಸೂಲುಗಳ ಹೊದಿಕೆಯಾದ ಜೆಲಟಿನ್ ಪ್ರಾಣಿಗಳ ಎಲುಬು, ಚರ್ಮಗಳಿಂದ ಆದದ್ದು. ಕೆಲವು ದ್ರವೌಷಧಗಳಲ್ಲಿ ಮದ್ಯಸಾರವಿದೆ. ಹಲವು ಲೇಹ್ಯಗಳಲ್ಲಿ ಜೇನಿದೆ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನು ಆಧರಿಸಿ ಕರ್ಣಾಟಕ ಕಲ್ಯಾಣಕಾರಕವನ್ನು ರಚಿಸಿದಾಗ, ಮದ್ಯ, ಮಾಂಸ, ಮಧುಗಳನ್ನು ಬಿಟ್ಟು ಚಿಕಿತ್ಸೆಯನ್ನು ಹೇಳಿದನು. ಆ ವಿವೇಕವನ್ನು ಇಂದು ಮುಂದುವರಿಸಬಲ್ಲವನು ಔಷಧತಜ್ಞನೇ. ಸಸ್ಯಮೂಲದ ಹೊದಿಕೆಯುಳ್ಳದ್ದು ಯಾವುದು, ಮಾತ್ರೆಯ ರೂಪದಲ್ಲಿ ದೊರೆಯುವುದು ಯಾವುದು ಎಂದು ಅವನು ತಿಳಿಸಬಲ್ಲ. ಪರ್ಯಾಯವೇ ಇಲ್ಲದಿದ್ದಾಗ ಅದನ್ನು ಮುಚ್ಚಿಡದೆ ಹೇಳುವುದೂ ಅವನ ಧರ್ಮ. ರೋಗಿಯ ಹಿತವೆಂಬ ನೆಪದಲ್ಲಿ ವ್ರತಿಯನ್ನು ವಂಚಿಸುವುದು ಸತ್ಯಾಣುವ್ರತಕ್ಕೆ ವಿರುದ್ಧ.

ಸಲ್ಲೇಖನವನ್ನು ಸ್ವೀಕರಿಸಿದವರ ವಿಷಯದಲ್ಲಿ ಈ ವಿವೇಕ ಮತ್ತಷ್ಟು ಅಗತ್ಯ. 2015ರ ಆಗಸ್ಟ್ ತಿಂಗಳಿನಲ್ಲಿ ರಾಜಸ್ಥಾನ ಉಚ್ಚ ನ್ಯಾಯಾಲಯವು ಸಲ್ಲೇಖನಕ್ಕೆ ವಿರುದ್ಧವಾಗಿ ತೀರ್ಪಿತ್ತಾಗ, ಅದೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದಕ್ಕೆ ತಡೆಯಾಜ್ಞೆ ನೀಡಿತು. ನ್ಯಾಯಾಲಯದ ಮಾತು ಹಾಗಿರಲಿ, ಮನೆಯೊಳಗಿನ ಮಾತನ್ನು ನೋಡೋಣ. ಶ್ರಾವಕಾಚಾರವು ಆಹಾರವನ್ನು ಒಮ್ಮೆಲೇ ಬಿಡಿಸುವುದಿಲ್ಲ. ಅನ್ನದಿಂದ ಹಾಲಿನಂತಹ ಸ್ನಿಗ್ಧಪಾನಕ್ಕೆ, ಅಲ್ಲಿಂದ ಖರಪಾನಕ್ಕೆ, ಆಮೇಲೆ ಉಪವಾಸಕ್ಕೆ ಕ್ರಮಕ್ರಮವಾಗಿ ಒಯ್ಯುತ್ತದೆ. ಔಷಧತ್ಯಾಗಕ್ಕೂ ಇಂತಹ ಕ್ರಮ ಬೇಡವೆ? ಕೊಬ್ಬನ್ನು ಇಳಿಸುವ ಮಾತ್ರೆಯಿಂದ ಕೊನೆಯ ದಿನಗಳಲ್ಲಿ ಪ್ರಯೋಜನವಿಲ್ಲ, ಅದನ್ನು ಮೊದಲೇ ಬಿಡಬಹುದು. ಆಹಾರ ಕಡಿಮೆಯಾದ ಮೇಲೂ ಮಧುಮೇಹದ ಔಷಧವನ್ನು ಹಿಂದಿನ ಪ್ರಮಾಣದಲ್ಲಿಯೇ ಮುಂದುವರಿಸಿದರೆ ಸಕ್ಕರೆಯ ಅಂಶ ಕುಸಿದು ಪ್ರಜ್ಞೆ ತಪ್ಪುತ್ತದೆ. ಬಹುದಿನಗಳಿಂದ ತೆಗೆದುಕೊಳ್ಳುತ್ತಿದ್ದ ಮಾರ್ಫೀನ್ ಅನ್ನು ಒಂದೇ ದಿನ ನಿಲ್ಲಿಸಿದರೆ ದೇಹವು ತಳಮಳಿಸಿ, ಬೆವರಿ, ನಡುಗಿ, ಸಮಾಧಿಯ ಬದಲು ವ್ಯಾಕುಲತೆ ಉಂಟಾಗುತ್ತದೆ. ಬಿಡುವುದಕ್ಕೂ ಅಳತೆಯುಂಟು.

ಭಗವತೀ ಆರಾಧನೆಯು ಕ್ಷಪಕನ ಸೇವೆಗೆ ನಲವತ್ತೆಂಟು ನಿರ್ಯಾಪಕರನ್ನು ಹೇಳಿ, ಕಾಲಾನುಸಾರ ಆ ಸಂಖ್ಯೆಯನ್ನು ಇಳಿಸುತ್ತ, ಕೊನೆಗೆ ಇಬ್ಬರಾದರೂ ಇರಲೇಬೇಕೆಂದು ವಿಧಿಸಿದೆ. ಧರ್ಮಕಥೆಯನ್ನು ಹೇಳುವವರು ಕೆಲವರಾದರೆ, ಮಗ್ಗುಲು ಬದಲಿಸುವವರು, ತಂದ ಆಹಾರಪಾನಗಳನ್ನು ಕಾಯುವವರು, ರಾತ್ರಿ ಎಚ್ಚರವಿರುವವರು ಉಳಿದವರು. ಸಮಾಧಿಮರಣವು ಒಬ್ಬನ ಸಾಧನೆಯಾದರೂ ಅದಕ್ಕೆ ಅನೇಕರ ವೈಯಾವೃತ್ಯ ಬೇಕೆಂದು ನಮ್ಮ ಪೂರ್ವಾಚಾರ್ಯರು ಬಲ್ಲರು. ಇಂದಿನ ನಿರ್ಯಾಪಕರ ಸಾಲಿನಲ್ಲಿ ಔಷಧವನ್ನು ಕಾಯುವವನಿಗೂ ಒಂದು ಸ್ಥಾನವಿರಬೇಕೆಂಬುದು ನನ್ನ ವಿನಮ್ರ ಅಭಿಪ್ರಾಯ.

ಅಂಥವರು ದೊರೆಯುವುದಾದರೂ ಎಲ್ಲಿ? ಭಾರತ ಸರಕಾರವು ಘಾಜೀಪುರ ಮತ್ತು ನೀಮಚ್‌ಗಳ ತನ್ನ ಕಾರ್ಖಾನೆಗಳಲ್ಲಿ ಅಫೀಮನ್ನು ಸಂಸ್ಕರಿಸುತ್ತದೆ. ಆದರೂ 1985ರ ಮಾದಕ ದ್ರವ್ಯ ಕಾಯಿದೆಯ ಕಟ್ಟುಪಾಡುಗಳಿಗೆ ಅಂಜಿ ಆಸ್ಪತ್ರೆಗಳು ಬಹುಕಾಲ ಮಾರ್ಫೀನ್ ಅನ್ನು ಇಡುತ್ತಲೇ ಇರಲಿಲ್ಲ. 2014ರ ತಿದ್ದುಪಡಿಯು, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಅದನ್ನು ಇಡುವ ಮಾರ್ಗವನ್ನು ಸುಗಮಗೊಳಿಸಿತು. ಬೆಂಗಳೂರಿನ ಕರುಣಾಶ್ರಯವು 1990ರ ದಶಕದಿಂದ ಅರ್ಬುದ ರೋಗಿಗಳ ಅಂತ್ಯಕಾಲದ ಸೇವೆಯಲ್ಲಿದೆ. ಆರು ವರ್ಷಗಳ ಫಾರ್ಮ್.ಡಿ. ವ್ಯಾಸಂಗವು 2008ರಿಂದ ನಮ್ಮ ದೇಶದಲ್ಲಿದೆ. ರೋಗಿಯ ಬಳಿ ನಿಂತು ಔಷಧವನ್ನು ವಿಚಾರಿಸಲು ಕಲಿತ ತರುಣರು ಅದರಿಂದ ಹೊರಬರುತ್ತಿದ್ದಾರೆ. ಕೊಪ್ಪಳದಲ್ಲಿಯೇ ಇಂದು ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವಿದೆ.

ನಮ್ಮ ಬಸದಿಗಳ ಟ್ರಸ್ಟುಗಳು ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕೆಂದು ಹಣವನ್ನು ತೆಗೆದಿಡುತ್ತವೆ. ಅದು ಸಾಮಾನ್ಯವಾಗಿ ಮೆಡಿಕಲ್ ಅಂಗಡಿಯ ಬಿಲ್ಲಿನೊಂದಿಗೆ ಮುಗಿಯುತ್ತದೆ. ಬಸದಿಯಲ್ಲಿ ಮಾರ್ಫೀನ್ ಇಡಬೇಕೆಂದು ನಾನು ಹೇಳುತ್ತಿಲ್ಲ, ಇಡಲೂ ಬಾರದು. ಆದರೆ ನಾಲ್ಕು ತಾಲ್ಲೂಕುಗಳ ಟ್ರಸ್ಟುಗಳು ಕೂಡಿ, ಮಾನ್ಯತೆಯುಳ್ಳ ಆಸ್ಪತ್ರೆಯೊಂದರ ಆಶ್ರಯದಲ್ಲಿ, ಉಪಶಾಮಕ ಆರೈಕೆಯ ತರಬೇತಿ ಪಡೆದ ಒಬ್ಬ ಔಷಧತಜ್ಞನ ವೇತನವನ್ನು ಭರಿಸಲಾರವೆ? ವಾರಕ್ಕೊಂದು ದಿನ ಒಂದೊಂದು ತಾಲ್ಲೂಕಿನ ಮನೆಗಳಿಗೆ ಅವನು ಹೋಗಿಬರಲಿ, ಜಾತಿಮತವನ್ನೆಣಿಸದೆ ಹೋಗಲಿ, ಮಾತ್ರೆಗಳ ಚೀಲವನ್ನು ಬಿಚ್ಚಿ ಬೇಕಾದದ್ದನ್ನೂ ಬೇಡವಾದದ್ದನ್ನೂ ವಿಂಗಡಿಸಲಿ, ಮರಣಾನಂತರ ಉಳಿದ ಮಾರ್ಫೀನ್ ಅನ್ನು ಎಣಿಸಿ ಆಸ್ಪತ್ರೆಗೆ ಹಿಂದಿರುಗಿಸಲು ನೆರವಾಗಲಿ. ಔಷಧವನ್ನು ಕೊಡುವುದು ಸುಲಭ. ಅದರ ಅಳತೆಯನ್ನು ಬಲ್ಲವನನ್ನು ಕೊಡುವುದು ಹೆಚ್ಚಿನ ದಾನ. ನೋವಿಲ್ಲದೆ, ಎಚ್ಚರ ತಪ್ಪದೆ, ತನ್ನ ವ್ರತವನ್ನು ತಾನೇ ಕಾದುಕೊಂಡು ಒಂದು ಜೀವವು ಕಣ್ಣು ಮುಚ್ಚುವಂತಾದರೆ, ಸರ್ವನಂದಿ ಭಟಾರರ ಈ ಊರಿನಲ್ಲಿ ಅದಕ್ಕಿಂತ ದೊಡ್ಡ ಔಷಧದಾನ ಯಾವುದಿದ್ದೀತು?